ಪೆನ್ಸಿಲ್ ದಾರಿ, ಇಂಕಿನ ಗೆರೆ

ಜೂನ್ ೭

ತಮ್ಮಾ,

ನಾಲ್ಕು ವರ್ಷದ ಮೇಲೆ ಬರೀತಿದೀನಿ. ನಿನ್ನ ಅಡ್ರೆಸ್ಸನ್ನ ಚಿಕ್ಕಮ್ಮನ ಹತ್ರ ಕಾಡಿ ಬೇಡಿ ಇಸ್ಕೊಂಡೆ. ಫೋನ್ ಮಾಡೋಣ ಅಂದ್ರೆ ನೀನು ಎತ್ತೋದಿಲ್ಲ, ಎತ್ತಿದ್ರೆ ನಾನು ಜಗಳ ಆಡ್ತೀನಿ. ಕಾಗದದಲ್ಲಾದ್ರೆ ಬರೆದಿದ್ದನ್ನ ಹೊಡೆದುಹಾಕಬಹುದು. ಈಗಾಗಲೇ ಎರಡು ಹಾಳೆ ಕಸದ ಬುಟ್ಟಿಗೆ ಹೋಗಿವೆ.

ನಾನು ಚೆನ್ನಾಗಿದೀನಿ. ಬೆನ್ನುನೋವು ಇದೆ, ಕನ್ನಡಕದ ನಂಬರು ಏರಿದೆ, ಬಾಯಿ ಮಾತ್ರ ಹಾಗೇ ಇದೆ. ನೀನು ಬಸ್ ಕಂಪನಿಯಲ್ಲಿ ವೇಳಾಪಟ್ಟಿ ಮಾಡೋ ಕೆಲಸಕ್ಕೆ ಸೇರಿದೀಯ ಅಂತ ಚಿಕ್ಕಮ್ಮ ಹೇಳಿದ್ರು. ಒಳ್ಳೇದೇ ಆಯ್ತು. ಇಡೀ ಊರನ್ನ ಸುತ್ತಿಸಿ ವಾಪಸ್ ತಂದು ನಿಲ್ಲಿಸೋದು ನಿನಗೆ ಮೊದಲಿಂದ ಬರ್ತಿದ್ದ ವಿದ್ಯೆ.

ವಿಷಯ ಏನಂದ್ರೆ, ಮಕ್ಕಳಿಗೆ ಬಣ್ಣ ತುಂಬೋಕೆ ನಾವು ಮಾಡ್ತಿದ್ದ ‘ಮೆಲ್ಲಗೆ’ ಸರಣಿಗೆ ಆರನೇ ಪುಸ್ತಕ ಬೇಕಂತೆ. ಮಕ್ಕಳಾಸ್ಪತ್ರೆಯ ದೊಡ್ಡ ನರ್ಸು ತಾವೇ ಪ್ರಕಾಶಕರ ಆಫೀಸಿಗೆ ಬಂದು ಕೂತಿದ್ರಂತೆ. ಆಪರೇಷನ್ನಿಗೆ ಕಾಯೋ ಹಾಲಿನಲ್ಲಿ ಟಿವಿ ಹಾಕಿದ್ರೆ ಮಕ್ಕಳು ಇನ್ನಷ್ಟು ರೇಗ್ತಾರೆ, ಆಟದ ಸಾಮಾನು ಕೊಟ್ರೆ ಕಿತ್ತಾಡ್ತಾರೆ, ಬಣ್ಣ ತುಂಬೋ ಪುಸ್ತಕ ಕೊಟ್ರೆ ಮಾತ್ರ ಮೂರನೇ ಪುಟದ ಹೊತ್ತಿಗೆ ಭುಜ ಕೆಳಗಿಳಿಯುತ್ತೆ ಅಂದ್ರಂತೆ. ನಾನೂ ಹೋಗಿ ಒಂದು ಬೆಳಗ್ಗೆ ಪೂರ್ತಿ ಆ ಹಾಲಿನ ಬೆಂಚಿನ ಮೇಲೆ ಕೂತು ನೋಡಿದೆ. ಒಂದು ಪುಟಾಣಿ ಮಗು ಆನೆಗೆ ಹಸಿರು ಬಳೀತಾ ಬಳೀತಾ ಆಕಳಿಸಿತು. ಆಪರೇಷನ್ ಬಾಗಿಲ ಎದುರು ಆಕಳಿಕೆ! ನನಗೆ ಬಹುಮಾನ ಬಂದಷ್ಟು ಖುಷಿಯಾಯ್ತು.

ಚಿತ್ರಗಳನ್ನ ಬರೆದಾಗಿದೆ. ಮೊದಲ ಪುಟಗಳಲ್ಲಿ ದೊಡ್ಡ ದೊಡ್ಡ ಆಕಾರ, ಯಾಕಂದ್ರೆ ಆಗ ಮಕ್ಕಳ ಕೈ ನಡುಗ್ತಿರುತ್ತೆ. ಆಮೇಲೆ ಸಣ್ಣವು. ಆದ್ರೆ ಒಂಬತ್ತು ಹತ್ತು ವರ್ಷದೋರಿಗೆ ಆನೆ, ಚಿಟ್ಟೆ ಅಂದ್ರೆ ಅವಮಾನ. ಅವರಿಗೆ ದಾರಿ ಹುಡುಕೋ ಆಟ ಬೇಕು ಅಂತ ನರ್ಸಮ್ಮ ಹಟ ಹಿಡಿದಿದಾರೆ. ಎಂಟು ಪುಟ ಖಾಲಿ ಬಿಟ್ಟು ಕೂತಿದೀನಿ.

ಮೊದಲಿನ ಹಾಗೆ ನೀನೇ ಮಾಡಿಕೊಡು. ಐದನೇ ಪುಸ್ತಕದ ಆ ಇರುವೆ ಪುಟದ ವಿಷಯ ನಾನು ಮರೆತಿದೀನಿ. ಗೂಡಿಗೆ ದಾರಿಯೇ ಇಲ್ಲದ ಆಟ ಅಚ್ಚಾಗಿ ಹೋಯ್ತು, ಆಸ್ಪತ್ರೆಯಲ್ಲಿ ಆ ಹುಡುಗಿ ಹುಡುಕಿ ಹುಡುಕಿ ಹಾಳೆ ಹರಿದು ಅತ್ತು, ಒಳಗೇ ಹೋಗಲ್ಲ ಅಂತ ರಂಪ ಮಾಡಿ ಆಪರೇಷನ್ನು ವಾರ ಮುಂದೆ ಹೋಯ್ತು. ಆಯ್ತಪ್ಪ, ಎಲ್ಲರ ಕೈಯಲ್ಲೂ ತಪ್ಪಾಗುತ್ತೆ. ನಾನು ಅದನ್ನ ಹೊಟ್ಟೆಗೆ ಹಾಕ್ಕೊಂಡಿದೀನಿ. ನೀನೂ ಮುಖ ಊದಿಸ್ಕೊಂಡಿದ್ದು ಸಾಕು.

ನಿನ್ನ ಅಕ್ಕ


ಜೂನ್ ೨೧

ಅಕ್ಕನಿಗೆ,

ನಿಮ್ಮ ಪತ್ರ ತಲುಪಿತು. ಎಲ್ಲರೂ ಆರೋಗ್ಯವಾಗಿದ್ದೇವೆ.

ಆರನೇ ಪುಸ್ತಕ ಬರುತ್ತಿರುವುದು ಸಂತೋಷ. ಎಂಟು ಪುಟ ನನ್ನಿಂದ ಆಗುವುದಿಲ್ಲ. ಕೆಲಸ ಹೆಚ್ಚಿದೆ ಎಂದು ಬರೆದರೆ ಸುಳ್ಳಾಗುತ್ತದೆ, ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ನೀವು ಕ್ಷಮಿಸಿದ್ದೀರಿ. ನಾನು ಮಾಡದ ತಪ್ಪಿಗೆ ಕ್ಷಮೆ ಪಡೆದು ಏನು ಮಾಡಲಿ? ಆ ಹಾಳೆಯಲ್ಲಿ ದಾರಿ ಇತ್ತು. ಅವತ್ತೂ ಹೇಳಿದೆ, ಈಗಲೂ ಹೇಳುತ್ತೇನೆ. ಪ್ರಕಾಶಕರ ಮುಂದೆ, ಚಿಕ್ಕಮ್ಮನ ಮುಂದೆ ನೀವು ಅಂದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ: “ಇವನು ಅರ್ಧ ಕೆಲಸ ಮಾಡಿ ಎದ್ದು ಹೋಗೋನು, ಚಿಕ್ಕಂದಿನಿಂದಲೂ ಹೀಗೇ.”

ಮಗಳಿಗೆ ಈಗ ಏಳು ವರ್ಷ. ಬೆಳಗ್ಗೆ ಸ್ಕೂಲಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಬರುತ್ತದೆ. ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ, ಹೆದರಿಕೆ ಅಷ್ಟೇ ಎಂದರು. ಹತ್ತು ನಿಮಿಷ ಬಣ್ಣ ತುಂಬಲು ಕೂರಿಸಿದರೆ ಸುಮ್ಮನಾಗುತ್ತಾಳೆ. ನಿಮ್ಮ ಐದೂ ಪುಸ್ತಕಗಳು ಮನೆಯಲ್ಲಿವೆ.

ತಮ್ಮ


ಜುಲೈ ೨

ತಮ್ಮಾ,

‘ನೀವು’ ಅಂತೆ! ಯಾವ ನೆಂಟರಿಗೆ ಬರೆದ ಕಾಗದ ನನ್ನ ಮನೆಗೆ ಬಂತು ಅಂತ ಅಡ್ರೆಸ್ಸು ಎರಡು ಸಲ ನೋಡಿದೆ. ನಿನಗೆ ಲಾಡಿ ಕಟ್ಟಿ ಸ್ಕೂಲಿಗೆ ಕಳಿಸಿದೋಳು ನಾನು.

ಓದಿದ ದಿನ ಸಿಟ್ಟು ನೆತ್ತಿಗೇರಿತ್ತು. ದಾರಿ ಇತ್ತು ಅಂತೆ. ಇದ್ದ ದಾರಿ ರೆಕ್ಕೆ ಬಂದು ಹಾರಿಹೋಯ್ತಾ? ನಿನ್ನ ಹಂಗೇ ಬೇಡ, ಎಂಟು ಪುಟ ನಾನೇ ಮಾಡ್ತೀನಿ ಅಂತ ಕೂತೆ. ಮೂರು ದಿನ ಕೂತೆ ಮಾರಾಯ. ಮೊದಲನೇದರಲ್ಲಿ ಮೊಲ ಎರಡೇ ಹೆಜ್ಜೆಗೆ ಕ್ಯಾರೆಟ್ ತಿಂದು ಮುಗಿಸ್ತು. ಎರಡನೇದರಲ್ಲಿ ಏಳು ದಾರಿ, ಏಳೂ ಸರಿ. ಮೂರನೇದನ್ನ ತಗೊಂಡು ಹೋಗಿ ನರ್ಸಮ್ಮನಿಗೆ ತೋರಿಸಿದೆ. ಆಯಮ್ಮ ಸ್ವಲ್ಪ ಹೊತ್ತು ಬೆರಳಾಡಿಸಿ, ಬಹಳ ಮರ್ಯಾದೆಯಿಂದ, ಇದನ್ನ ಮಾಡಿದ್ರೆ ನನಗೇ ಬಿಪಿ ಬರುತ್ತೆ ಅಂದ್ರು. ಹಿಂದಿನ ಪುಸ್ತಕಗಳ ದಾರಿ ಮಾಡಿದೋರು ಎಲ್ಲಿ, ಅವರ ಆಟದಲ್ಲಿ ಮಗು ಸಿಕ್ಕಿಹಾಕ್ಕೊಂಡ್ರೂ ಎರಡು ಹೆಜ್ಜೆ ಹಿಂದೆ ಬಂದ್ರೆ ಸಾಕು, ಇನ್ನೊಂದು ದಾರಿ ಕಾಣ್ತಿತ್ತು, ಅದಕ್ಕೇ ಮಕ್ಕಳು ಗಾಬರಿ ಆಗ್ತಿರಲಿಲ್ಲ ಅಂತ ಹೇಳಿದ್ರು. ಇಷ್ಟು ವರ್ಷ ನಿನ್ನ ಪಕ್ಕ ಕೂತು ಕೆಲಸ ಮಾಡಿದ ನನಗೆ ಇದು ಗೊತ್ತೇ ಇರಲಿಲ್ಲ. ನೀನೂ ಯಾವತ್ತೂ ಬಾಯಿ ಬಿಟ್ಟು ಹೇಳಲಿಲ್ಲ, ಗುಮ್ಮನಗುಸಕ.

ಇರಲಿ. ವಾದ ಬೇಡ, ಸಾಕ್ಷಿನೇ ಬರ್ತಿದೆ. ಪ್ರೆಸ್ಸಿನೋರು ಗೋಡೌನ್ ಖಾಲಿ ಮಾಡ್ತಿದಾರೆ, ನಮ್ಮ ಹಳೇ ಹಾಳೆಗಳ ಕಟ್ಟೆಲ್ಲ ವಾಪಸ್ ಕೊಡ್ತಾರಂತೆ. ಇರುವೆ ಪುಟವೂ ಅದರಲ್ಲಿರುತ್ತೆ, ನಿನ್ನ ಪೆನ್ಸಿಲ್ ಹಾಳೆ, ಅದರ ಮೇಲೆ ನಾನು ಇಂಕು ಹಾಕಿದ ಟ್ರೇಸಿಂಗ್ ಹಾಳೆ, ಎರಡೂ ಜೊತೆಗೆ. ಸಿಕ್ಕಿದ ದಿನವೇ ನಿನಗೆ ಕಳಿಸ್ತೀನಿ. ನೀನೇ ನೋಡ್ಕೊಂಡು ನಾಲ್ಕು ವರ್ಷದ ಬಿಗುಮಾನ ಬಿಡು.

ಪುಟ್ಟಿ ಹೊಟ್ಟೆನೋವಿನ ವಿಷಯ ಓದಿ ಸಂಕಟ ಆಯ್ತು. ಅವಳಿಗೆ ಸಣ್ಣ ಸಣ್ಣ ಹೂವಿನ ಪುಟ ಬೆಳಗ್ಗೆ ಕೊಡಬೇಡ, ಮುಗಿಯಲಿಲ್ಲ ಅಂತ ಇನ್ನೊಂದು ಚಿಂತೆ ಹತ್ಕೊಳ್ಳುತ್ತೆ. ಎರಡನೇ ಪುಸ್ತಕದ ಮೋಡದ ಪುಟ ಕೊಡು. ಮೋಡಕ್ಕೆ ಯಾವ ಬಣ್ಣ ಹಾಕಿದ್ರೂ ಯಾರೂ ತಪ್ಪು ಅನ್ನಲ್ಲ.

ನಿನ್ನ ಅಕ್ಕ (ಅಕ್ಕನವರು ಅಲ್ಲ)


ಜುಲೈ ೧೯

ತಮ್ಮಾ,

ಕಟ್ಟು ಮೊನ್ನೆ ಬಂತು.

ಅಡುಗೆಮನೆ ಟೇಬಲ್ ಮೇಲೆ ಬಿಚ್ಚಿದೆ. ಇರುವೆ ಪುಟ ಸಿಕ್ತು. ಒಂದು ಕೈಯಲ್ಲಿ ಚಹಾ ಹಿಡ್ಕೊಂಡೇ, ಗೆದ್ದೋಳ ಹಾಗೆ, ಎರಡು ಹಾಳೇನೂ ಗಾಜಿನ ಮೇಜಿನ ಮೇಲಿಟ್ಟು ಕೆಳಗಿನ ದೀಪ ಹಾಕಿದೆ.

ನಿನ್ನ ಪೆನ್ಸಿಲ್ಲಲ್ಲಿ ದಾರಿ ಇದೆ. ಎಲೆ ಕೆಳಗೆ ಹೋಗಿ, ಕಲ್ಲು ಸುತ್ತಿ, ಎಡಗಡೆ ಮೂಲೆಗೆ ಬಂದ್ರೆ ಒಂದು ಸಂದು, ಅಕ್ಕಿಕಾಳಿನಷ್ಟು. ಅಲ್ಲಿಂದ ನೇರ ಗೂಡು. ನನ್ನ ಇಂಕಿನಲ್ಲಿ ಆ ಸಂದು ಇಲ್ಲ. ನಾನು ಗೆರೆ ಕೂಡಿಸಿಬಿಟ್ಟಿದೀನಿ. ಕೈ ತಪ್ಪಿದ್ದೂ ಅಲ್ಲ, ಇಂಕು ಹರಡಿದ್ದೂ ಅಲ್ಲ. ಎಷ್ಟು ನಾಜೂಕಾಗಿ ಕೂಡಿಸಿದೀನಿ ಅಂದ್ರೆ, ಬೇರೆ ಯಾರಾದ್ರೂ ಮಾಡಿದ್ದಿದ್ರೆ ಶಭಾಷ್ ಅಂತಿದ್ದೆ.

ನನ್ನ ಚಟ ನಿನಗೆ ಗೊತ್ತು. ಹೂವಾಗಲಿ ಮೀನಾಗಲಿ, ಗೆರೆ ಎಲ್ಲೂ ಬಾಯಿ ಬಿಟ್ಕೊಂಡಿರಬಾರದು. ಸಂದು ಇದ್ರೆ ಅಲ್ಲಿಂದ ಮಗುವಿನ ಬಣ್ಣ ಹೊರಗೆ ಹೋಗುತ್ತೆ, ನಾನು ಕೆಡಿಸಿಬಿಟ್ಟೆ ಅಂತ ಮಗು ಕುಗ್ಗುತ್ತೆ. ಇಪ್ಪತ್ತು ವರ್ಷದಿಂದ ಸಂದು ಕಂಡಲ್ಲೆಲ್ಲ ಕೂಡಿಸ್ತಾ ಬಂದ ಕೈ ಇದು. ಅವತ್ತು ಅದು ನನ್ನನ್ನ ಕೇಳಲೇ ಇಲ್ಲ.

ಮೊದಲ ನಾಲ್ಕು ಪುಸ್ತಕದಲ್ಲಿ ಯಾಕೆ ಹೀಗಾಗಲಿಲ್ಲ ಅಂತ ಎರಡು ದಿನ ಯೋಚನೆ ಮಾಡಿದೆ. ಯೋಚನೆ ಏನು ಬಂತು, ಉತ್ತರ ಕಣ್ಣೆದುರೇ ಇತ್ತು, ಒಪ್ಪಿಕೊಳ್ಳೋಕೆ ಎರಡು ದಿನ ಬೇಕಾಯ್ತು. ನಾನು ಇಂಕು ಹಾಕುವಾಗ ನೀನು ಪಕ್ಕದ ಸ್ಟೂಲ್ ಮೇಲೆ ಕೂತು, ಸಂದು ಬಂದ ಕಡೆಯೆಲ್ಲ “ಬಿಡು, ಬಿಡು” ಅಂತಿದ್ದೆ. ಐದನೇ ಪುಸ್ತಕಕ್ಕೆ ಇಂಕು ಹಾಕೋ ದಿನ ಪುಟ್ಟಿಗೆ ಜ್ವರ ಅಂತ ಫೋನ್ ಬಂತು, ನೀನು ಹಾಳೆಗಳನ್ನ ಇಟ್ಟು ಓಡಿದೆ. ನಿಲ್ಲು ಅಂತ ನಾನು ಹೇಳಿದ್ದೆ, ನೀನು ನಿಲ್ಲಲಿಲ್ಲ, ಆ ಸಿಟ್ಟಲ್ಲೇ ನಾನು ಪೆನ್ನು ಹಿಡಿದೆ. ಆ ಸಿಟ್ಟಿನಲ್ಲೇ ಆಮೇಲೆ ಆ ಮಾತೂ ಅಂದೆ. ಮೂರು ವರ್ಷದ ಮಗು ಜ್ವರದಲ್ಲಿರೋವಾಗ ಓಡಿಹೋದೋನಿಗೆ ಅರ್ಧ ಕೆಲಸ ಮಾಡೋನು ಅಂದೆ.

ಪ್ರೆಸ್ಸಿಂದ ಹಾಳೆ ತರಿಸಿ ನೋಡೋಣ ಅಂತ ನೀನು ಅವತ್ತೇ ಹೇಳಿದ್ದೆ. ನೋಡೋದೇನಿದೆ ಅಂದೆ ನಾನು. ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ, ನಾನು ಅಷ್ಟಕ್ಕೇ ನಿಲ್ಲದೆ ನೆಲವನ್ನೇ ಮನೆಯಿಂದ ಓಡಿಸಿದೆ.

ತಪ್ಪು ನಂದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ, ಅದಕ್ಕೆ ವಾಪಸ್ ತಗೊಳ್ತೀನಿ ಅಂತ ಬರೆಯೋಕೆ ನಾಚಿಕೆ ಆಗುತ್ತೆ. ಆದ್ರೂ ಬರೀತಿದೀನಿ. ಎರಡೂ ಹಾಳೆ ಇದರ ಜೊತೆ ಇವೆ. ಎಂಟು ಪುಟ ಮಾಡಿಕೊಡು ಅಂತ ಈಗ ಕೇಳ್ತಿಲ್ಲ. ನೀನು ಒಂದು ಸಲ ಬೈದು ಕಾಗದ ಬರೆದ್ರೂ ಸಾಕು.

ಅಕ್ಕ


ಆಗಸ್ಟ್ ೧೬

ತಮ್ಮಾ,

ನಾಲ್ಕು ವಾರ ಆಯ್ತು. ಪೋಸ್ಟ್‌ಮ್ಯಾನು ನಮ್ಮ ಗೇಟು ದಾಟಿ ಹೋಗುವಾಗ ನನ್ನ ಮುಖ ನೋಡೋದನ್ನೇ ಬಿಟ್ಟಿದಾನೆ.

ಇದಕ್ಕೂ ಉತ್ತರ ಬರೀಬೇಕು ಅಂತೇನಿಲ್ಲ. ಏನು ಮಾಡಿದೆ ಅಂತ ತಿಳಿಸೋಕೆ ಬರೀತಿದೀನಿ. ನಿನ್ನನ್ನ ನಾಲ್ಕು ಜನರ ಮುಂದೆ ಅಂದೆ, ನಿನಗೊಬ್ಬನಿಗೆ ಗುಟ್ಟಾಗಿ ತಪ್ಪಾಯ್ತು ಅಂದ್ರೆ ನ್ಯಾಯ ಅಲ್ಲ. ಪ್ರಕಾಶಕರ ಹತ್ರ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ್ರು. ಆರನೇ ಪುಸ್ತಕದ ಮೊದಲ ಪುಟದಲ್ಲಿ ಒಂದು ಸಾಲು ಹಾಕಬೇಕು ಅಂದೆ: ಹಿಂದಿನ ಪುಸ್ತಕದಲ್ಲಿ ಇರುವೆಯ ದಾರಿ ಮುಚ್ಚಿದ್ದು ಚಿತ್ರ ಬರೆದವಳು, ದಾರಿ ಮಾಡಿದವನ ತಪ್ಪಿಲ್ಲ. ಮಕ್ಕಳ ಪುಸ್ತಕದಲ್ಲಿ ಇದನ್ನ ಯಾರು ಓದ್ತಾರೆ, ಸಣ್ಣ ಅಕ್ಷರದಲ್ಲಿ ಹಾಕೋಣ ಅಂದ್ರು. ದೊಡ್ಡದಾಗೇ ಹಾಕಿ, ಬೇಕಾದ್ರೆ ಮಕ್ಕಳು ಅದಕ್ಕೂ ಬಣ್ಣ ತುಂಬಲಿ ಅಂದೆ.

ಚಿಕ್ಕಮ್ಮನಿಗೂ ಹೇಳಿದೆ. ಈಗಲಾದ್ರೂ ನಿಜ ಬಾಯಿಗೆ ಬಂತಲ್ಲ ಅಂದು ಫೋನ್ ಇಟ್ರು.

ಇರುವೆ ಪುಟ ಹರಿದು ಅತ್ತ ಆ ಹುಡುಗಿ ಮನೇನೂ ನರ್ಸಮ್ಮನ ಮೂಲಕ ಹುಡುಕ್ಕೊಂಡು ಹೋದೆ. ಈಗ ಹದಿಮೂರು ವರ್ಷ, ನನಗಿಂತ ಎತ್ತರ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವಳು ಸೌಜನ್ಯವಾಗಿ ಪೂರ್ತಿ ಕೇಳಿಸ್ಕೊಂಡು, “ಯಾವ ಇರುವೆ ಆಂಟಿ?” ಅಂದಳು. ನೋಡು ಮತ್ತೆ. ಅತ್ತವಳು ಮರೆತು ಹಾಯಾಗಿದಾಳೆ. ಉಳಿದೋರು ನಾವಿಬ್ಬರೇ.

ಅಕ್ಕ


ಆಗಸ್ಟ್ ೩೦

ಅಕ್ಕಾ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿಗಲ್ಲ. ನಿನ್ನ ಜುಲೈ ಪತ್ರ ಓದಿ, ಹಾಳೆಗಳನ್ನ ಕಿಟಕಿಗೆ ಹಿಡಿದು ನೋಡಿ, ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಖುಷಿಗೇ ಅತ್ತೆ ಅನ್ಕೊಂಡಿದ್ದೆ. ಆಮೇಲೆ ಉತ್ತರ ಬರೆಯೋಕೆ ಕೂತರೆ ಕೈ ಓಡಲಿಲ್ಲ. ನಾನೂ ಒಂದು ವಿಷಯ ಹೇಳಬೇಕಿತ್ತು.

ಐದನೇ ಪುಸ್ತಕ ಅಚ್ಚಾಗೋ ಮುಂಚೆ ತಪ್ಪು ನೋಡೋಕೆ ಅದರ ಪ್ರೂಫ್ ನನ್ನ ಹತ್ರ ಬಂದಿತ್ತು. ಮಗುವಿಗೆ ಜ್ವರ ಬಿಟ್ಟ ಮೂರನೇ ದಿನ ಪ್ರೆಸ್ಸಿನವರು ಮನೆಗೇ ಕಳಿಸಿದ್ದರು. ದಾರಿಯ ಪುಟಗಳನ್ನ ಪೆನ್ಸಿಲ್ ಹಿಡಿದು ನಡೆದು ನೋಡಬೇಕಾದವನು ನಾನು. ನೋಡಲಿಲ್ಲ. ದಾರಿ ಮಾಡಿದವನಿಗೆ ದಾರಿ ಗೊತ್ತೇ ಇರುತ್ತೆ ಅಂತ ಸುಮ್ಮನೆ ಕಣ್ಣು ಹಾಯಿಸಿ ಸಹಿ ಹಾಕಿದೆ. ನೀನು ಮುಚ್ಚಿದ್ದು ನನ್ನ ಕಣ್ಣೆದುರಿಗೇ ಇತ್ತು. ಯಾರಿಗೂ ಇದು ನೆನಪಾಗಲಿಲ್ಲ, ನಾನೂ ನೆನಪಿಸಲಿಲ್ಲ. ನೀನು ಅರ್ಧ ಕೆಲಸ ಅಂದಾಗ ಅಷ್ಟು ಉರಿ ಹತ್ತಿದ್ದು, ಒಳಗೆಲ್ಲೋ ಅದು ನಿಜ ಅಂತ ಗೊತ್ತಿದ್ದದ್ದಕ್ಕೆ. ನಾಲ್ಕು ವರ್ಷ ನಾನು ‘ದಾರಿ ಇತ್ತು’ ಅನ್ನೋ ಅರ್ಧ ಸತ್ಯ ಹಿಡಿದುಕೊಂಡು ದೊಡ್ಡ ಮನುಷ್ಯನ ಹಾಗೆ ಕೂತಿದ್ದೆ.

ಪ್ರಕಾಶಕರಿಗೆ ಹೇಳಿ ಆ ಸಾಲು ತೆಗೆಸು. ತೆಗೆಯಲ್ಲ ಅಂತ ಹಟ ಮಾಡಿದರೆ ನನ್ನದನ್ನೂ ಸೇರಿಸು: ನೋಡದೆ ಸಹಿ ಹಾಕಿದವನು ದಾರಿ ಮಾಡಿದವನು.

ಇದರ ಜೊತೆ ಎಂಟು ಹಾಳೆ ಇವೆ. ಪೆನ್ಸಿಲ್ಲಲ್ಲೇ ಇವೆ. ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಮಾಡಿದೆ, ಪಕ್ಕದ ಗುಮಾಸ್ತ ಹೊಸ ಬಸ್ ಮಾರ್ಗ ಅಂತ ತಿಳಿದು ಎರಡು ಸಲ ಸಲಹೆ ಕೊಟ್ಟ. ಎಂಟನ್ನೂ ಪುಟ್ಟಿ ಬೆರಳಿನಲ್ಲಿ ನಡೆದು ನೋಡಿದ್ದಾಳೆ. ಕೊನೆಯದು ದೊಡ್ಡ ಮಕ್ಕಳದ್ದು, ಅವಳಿಗೂ ಎರಡು ಸಂಜೆ ಹಿಡಿಯಿತು.

ಮೋಡದ ಪುಟ ಕೊಟ್ಟೆ. ನೀನು ಹೇಳಿದ್ದು ಸರಿ. ಮೋಡಕ್ಕೆ ದಿನಾ ಒಂದೊಂದು ಬಣ್ಣ ಬಳಿದು, ಬಾಯಲ್ಲಿ ಉಸಿರು ಬಿಟ್ಟು, ತಾನಾಗೇ ಚಪ್ಪಲಿ ಹಾಕಿಕೊಳ್ಳುತ್ತಾಳೆ. ಕಳೆದ ವಾರ ಎರಡೇ ದಿನ ಹೊಟ್ಟೆನೋವು ಬಂತು. ಅತ್ತೆ ನಿಜವಾಗಲೂ ಇದ್ದಾಳಾ, ಅಥವಾ ಪುಸ್ತಕದ ಮೇಲೆ ಮಾತ್ರ ಇದ್ದಾಳಾ ಅಂತ ಕೇಳಿದಳು.

ನಿನ್ನ ತಮ್ಮ


ಸೆಪ್ಟೆಂಬರ್ ೧೦

ತಮ್ಮಾ,

ನಿಜವಾಗಲೂ ಇದೀನಿ, ಅರವತ್ತೆಂಟು ಕೇಜಿ ಇದೀನಿ ಅಂತ ಹೇಳು ಅವಳಿಗೆ.

ನಿನ್ನ ಪ್ರೂಫ್ ಕಥೆ ಓದಿ ಮೊದಲು ಒಂದು ಕ್ಷಣ, ನಿಜ ಹೇಳ್ತೀನಿ, ಹಾಳಾದವನೇ ಅಂತ ಬೈದೆ. ಆಮೇಲೆ ನಗು ಬಂತು. ಆಮೇಲೆ ಎರಡೂ ಒಟ್ಟಿಗೆ. ಅಕ್ಕ ಮುಚ್ಚಿದಳು, ತಮ್ಮ ಸಹಿ ಹಾಕಿದ, ಇಬ್ಬರೂ ಸೇರಿ ಇರುವೆ ಮೇಲೆ ಜಗಳ ಆಡಿದ್ವಿ. ಪ್ರಕಾಶಕರು ಎರಡೂ ಸಾಲು ಹಾಕ್ತಾರಂತೆ. ಇನ್ನೂ ಯಾರಾದ್ರೂ ಉಳಿದಿದ್ರೆ ಈಗಲೇ ಹೇಳಿ, ಪುಟ ತುಂಬ್ತಾ ಬಂತು ಅಂದ್ರು.

ಹಾಳೆಗಳು ಚೆನ್ನಾಗಿವೆ. ಚೆನ್ನಾಗಿವೆ ಅಂದ್ರೆ ಸಾಲದು. ಅದೂ ಪೆನ್ಸಿಲ್ಲಲ್ಲೇ, ಇಂಕು ನನಗೇ ಬಿಟ್ಟು ಕಳಿಸಿದೀಯ. ನೀನೇ ಇಂಕು ಹಾಕಿ ಕಳಿಸಬಹುದಿತ್ತು. ಕಳಿಸಿದ್ರೂ ನಾನು ಉಸಿರೆತ್ತುವ ಹಾಗಿರಲಿಲ್ಲ.

ಏಳು ಹಾಳೆಗೆ ಇಂಕು ಹಾಕಿದೆ. ಮೊದಲು ಬೆರಳಲ್ಲಿ ನಡೆದು, ಸಂದು ಇರೋ ಕಡೆಯೆಲ್ಲ ಕೆಂಪು ಚುಕ್ಕಿ ಇಟ್ಟು, ಆಮೇಲೆ ಪೆನ್ನು ಎತ್ತಿದೆ. ಒಂದು ಗಂಟೆಯ ಕೆಲಸಕ್ಕೆ ಮೂರು ದಿನ. ನರ್ಸಮ್ಮ ನಕಲು ತಗೊಂಡು ಹೋಗಿ ಆಸ್ಪತ್ರೆ ಹಾಲಿನಲ್ಲಿ ಮಕ್ಕಳಿಗೆ ಕೊಟ್ರು. ಹತ್ತು ವರ್ಷದ ಒಬ್ಬಳು ಎರಡನೇ ಆಟದಲ್ಲಿ ಸಿಕ್ಕಿಹಾಕ್ಕೊಂಡು, ಎರಡು ಹೆಜ್ಜೆ ಹಿಂದೆ ಬಂದು, ದಾರಿ ಸಿಕ್ಕಿ, ಒಳಗಿಂದ ಕರೆದಾಗ, ಇರಿ ಇನ್ನೊಂದು ಸ್ವಲ್ಪ ಇದೆ ಅಂದಳಂತೆ. ಡಾಕ್ಟರು ಬಾಗಿಲಲ್ಲಿ ನಿಂತು ಕಾದ್ರಂತೆ.

ಎಂಟನೇದು ಆಗ್ತಿಲ್ಲ. ಅದರಲ್ಲಿ ನಲವತ್ತು ಸಂದು ಇವೆ. ಮೂರು ಸಲ ಕೂತೆ, ಮೂರು ಸಲ ಎದ್ದೆ. ಕೆಂಪು ಚುಕ್ಕಿ ಇಟ್ರೂ ಕೈ ಅಲ್ಲಿಗೆ ಬಂದಾಗ ತಾನಾಗೇ ಮುಂದೆ ಹೋಗೋಕೆ ನೋಡುತ್ತೆ, ನನಗೆ ಗೊತ್ತಾಗುತ್ತೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ. ಹೆದರಿಕೆ ಆಗುತ್ತೆ ಕಣೋ. ಇನ್ನೊಂದು ಸಲ ನಾನು ಮುಚ್ಚಿದ್ರೆ ಯಾವ ಮುಖ ಇಟ್ಕೊಂಡು ನಿನಗೆ ಬರೀಲಿ? ಹಾಳೆ ವಾಪಸ್ ಕಳಿಸ್ತೀನಿ, ಇದೊಂದಕ್ಕೆ ನೀನೇ ಇಂಕು ಹಾಕು.

ನಿನ್ನ ಅಕ್ಕ


ಸೆಪ್ಟೆಂಬರ್ ೧೭

ಅಕ್ಕಾ,

ಹಾಳೆ ವಾಪಸ್ ಕಳಿಸಬೇಡ. ನನ್ನ ಇಂಕಿನ ಗೆರೆ ನೋಡಿದ್ರೆ ಮಕ್ಕಳಿಗೆ ಸಮಾಧಾನ ಹಾಗಿರಲಿ, ಜ್ವರ ಬರುತ್ತೆ.

ನಾಲ್ಕು ದಿನ ರಜೆ ಹಾಕಿದೀನಿ. ಶನಿವಾರ ಹನ್ನೊಂದೂವರೆ ಬಸ್ಸಿಗೆ ಬರ್ತೀವಿ, ಪುಟ್ಟಿ, ಅವಳಮ್ಮ, ನಾನು. ಪುಟ್ಟಿಗೆ ಆಸ್ಪತ್ರೆಯ ಆ ಹಾಲ್ ನೋಡಬೇಕಂತೆ, ನಿನ್ನನ್ನ ಮುಟ್ಟಿ ನೋಡಬೇಕಂತೆ. ಅಡುಗೆ ಜಾಸ್ತಿ ಮಾಡಬೇಡ.

ಮಧ್ಯಾಹ್ನ ಕೂರೋಣ. ನೀನು ಗೆರೆ ಎಳಿ, ನಾನು ಪಕ್ಕದಲ್ಲಿ ಕೂತು ಹೇಳ್ತಾ ಹೋಗ್ತೀನಿ. ನಲವತ್ತು ಸಂದು ಅಲ್ವಾ, ಎಷ್ಟು ಹೊತ್ತಾದ್ರೂ ಆಗಲಿ. ಮುಗಿಯೋವರೆಗೂ ನಾನು ಏಳೋದಿಲ್ಲ.

ನಿನ್ನ ತಮ್ಮ